ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನಡೆದ ನಾಯಕ

1950ರ ಜುಲೈ 16, ಭಾನುವಾರ. ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣ. ದ್ವಿತೀಯಾರ್ಧ ಶುರುವಾಗಿ ಎರಡು ನಿಮಿಷವಾಗಿದೆ, ಅಷ್ಟೆ. ಬ್ರೆಜಿಲ್‌ನ ಫ್ರಿಯಾಸಾ ಬಲಗಡೆಯಿಂದ ನುಗ್ಗಿ ಹೊಡೆದ ಚೆಂಡು ಉರುಗ್ವೆಯ ಗೋಲಿನೊಳಗೆ ಬಿತ್ತು. ಡ್ರಾ ಮಾಡಿಕೊಂಡರೂ ವಿಶ್ವಕಪ್ ಗೆಲ್ಲಲಿದ್ದ ತಂಡ ಈಗ 1-0 ಮುಂದಿದೆ. ಕ್ರೀಡಾಂಗಣದೊಳಗೆ ಸುಮಾರು ಎರಡು ಲಕ್ಷ ಜನ. ಪಟಾಕಿ, ಹೊಗೆ, ಕೂಗು. ಇಂಥ ಹೊತ್ತಿನಲ್ಲಿ ಗೋಲು ತಿಂದ ತಂಡ ಸಾಮಾನ್ಯವಾಗಿ ಮಾಡುವುದು ಎರಡೇ: ತಲೆ ತಗ್ಗಿಸುವುದು, ಇಲ್ಲವೇ ಚೆಂಡನ್ನು ಎತ್ತಿಕೊಂಡು ನಡುಗೆರೆಗೆ ಓಡಿ ಆದಷ್ಟು ಬೇಗ ಆಟ ಮುಂದುವರಿಸುವುದು.

ಉರುಗ್ವೆಯ ನಾಯಕ ಒಬ್ದುಲಿಯೊ ವರೇಲಾ ಎರಡನ್ನೂ ಮಾಡಲಿಲ್ಲ. ಚೆಂಡನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡ. ಆಮೇಲೆ ಓಡದೆ ನಡೆದ. ಲೈನ್ಸ್‌ಮನ್ ಕಡೆ ನೋಡಿ ಆಫ್‌ಸೈಡ್ ಎಂದು ತಕರಾರು ತೆಗೆದ. ಇಂಗ್ಲೆಂಡಿನ ರೆಫರಿ ಜಾರ್ಜ್ ರೀಡರ್ ಬಳಿ ಹೋಗಿ ವಾದಕ್ಕೆ ನಿಂತ. ರೆಫರಿಗೆ ಸ್ಪ್ಯಾನಿಷ್ ಬಾರದು, ಇವನಿಗೆ ಇಂಗ್ಲಿಷ್ ಬಾರದು. ದುಭಾಷಿಯನ್ನು ಕರೆಸಿ ಎಂದು ಪಟ್ಟು ಹಿಡಿದ. ಇದಕ್ಕೆ ಹಿಡಿದ ಹೊತ್ತು ಒಂದೇ ನಿಮಿಷ ಎಂದು ಕೆಲವರು ಹೇಳಿದರೆ, ಅದಕ್ಕಿಂತ ಬಹಳ ಹೆಚ್ಚು ಎಂದು ಇನ್ನು ಕೆಲವರು ಹೇಳುತ್ತಾರೆ. ಎಷ್ಟೇ ಆಗಲಿ, ಆಟ ಮತ್ತೆ ಶುರುವಾಗುವ ವೇಳೆಗೆ ಗೋಲಿನ ಸಂಭ್ರಮ ಇಳಿದು ಜನರ ಗಮನವೆಲ್ಲ ಈ ಮೊಂಡು ನಾಯಕನ ಮೇಲಿತ್ತು. ಗೋಲು ರದ್ದಾಗಲಿಲ್ಲ. ರದ್ದಾಗಬಹುದು ಎಂಬ ಆಸೆ ತನಗೂ ಇರಲಿಲ್ಲ ಎಂದು ವರೇಲಾ ನಂತರದ ಸಂದರ್ಶನಗಳಲ್ಲಿ ಹೇಳಿದ್ದಾನೆ. ಅವನಿಗೆ ಬೇಕಾಗಿದ್ದದ್ದು ಸಮಯ.

ಫುಟ್‌ಬಾಲ್ ಚರಿತ್ರೆಯಲ್ಲಿ ನಾಯಕತ್ವದ ಉದಾಹರಣೆಯಾಗಿ ಈ ನಿಮಿಷವನ್ನು ಮತ್ತೆ ಮತ್ತೆ ಹೇಳಲಾಗುತ್ತದೆ. ಅದು ನಾಯಕತ್ವ ಹೌದೋ ಅಲ್ಲವೋ ಎಂಬ ಸಂಶಯ ನನಗಿಲ್ಲ. ಆದರೆ ಎಂಥ ನಾಯಕತ್ವ? ಉರುಗ್ವೆಯ ಜನಪ್ರಿಯ ಕಥನ ಇದನ್ನು ರಕ್ತದ ಬಿಸಿ, ಛಲ, ಸೋಲೊಪ್ಪದ ಹಠ ಎಂದು ವಿವರಿಸುತ್ತದೆ. ಪಂದ್ಯದ ವಿವರಗಳನ್ನು ಒಂದೊಂದಾಗಿ ಜೋಡಿಸಿಕೊಂಡು ನೋಡಿದರೆ ನನಗೆ ಕಾಣುವುದು ಬೇರೆಯೇ ಮನುಷ್ಯ. ಬಿಸಿರಕ್ತದವನಿಗಿಂತ ಹೆಚ್ಚಾಗಿ, ಕಾಯುವುದನ್ನು ಕಲಿತಿದ್ದ ಒಬ್ಬ ಕೆಲಸಗಾರ. ಈ ಎರಡು ವಿವರಣೆಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ. ಒಬ್ಬ ಮನುಷ್ಯ ಯೋಚಿಸಿ ಮಾಡಿದ ಕೆಲಸವನ್ನು ಅವನ ರಕ್ತದ ಗುಣವೆಂದು ಬರೆದಿಟ್ಟಾಗ ಚರಿತ್ರೆ ಅವನಿಂದ ಏನನ್ನೋ ಕಿತ್ತುಕೊಂಡಂತಾಗುತ್ತದೆ.

ಮೊದಲು ಸಾಕ್ಷ್ಯಗಳ ಮಾತು. ಆ ಪಂದ್ಯವನ್ನು ನಾವು ಇಂದಿನ ಪಂದ್ಯಗಳಂತೆ ಮೊದಲಿನಿಂದ ಕೊನೆಯವರೆಗೆ ನೋಡಲಾಗದು. ಬ್ರೆಜಿಲ್‌ನಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದೇ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಉಳಿದಿರುವುದು ಚಲನಚಿತ್ರದ ಕೆಲವು ತುಣುಕು, ರೇಡಿಯೊ ವೀಕ್ಷಕ ವಿವರಣೆಯ ಭಾಗಗಳು, ಪತ್ರಿಕಾ ವರದಿಗಳು, ಫೋಟೊಗಳು. ಇವೆಲ್ಲಕ್ಕಿಂತ ಹೆಚ್ಚಾಗಿ ಉಳಿದಿರುವುದು ನೆನಪು: ಆಡಿದವರು, ನೋಡಿದವರು, ರೇಡಿಯೊದಲ್ಲಿ ಕೇಳಿದವರು ದಶಕಗಳ ಕಾಲ ಹೇಳುತ್ತಾ ಬಂದ ಕತೆಗಳು. ಮೌಖಿಕ ಚರಿತ್ರೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದು ಪರಿಚಿತ ನೆಲ. ಇಲ್ಲಿ ಒಂದೇ ಘಟನೆಗೆ ಎರಡು ಪಾಠಗಳಿರುತ್ತವೆ. ಯಾವುದು ನಿಜ ಎಂದು ಹಟಕ್ಕೆ ಬೀಳುವುದರ ಜೊತೆಗೆ, ಯಾವ ಪಾಠ ಯಾಕೆ ಗೆದ್ದಿತು ಎಂದೂ ಕೇಳಬೇಕಾಗುತ್ತದೆ.

1950ರ ವಿಶ್ವಕಪ್ ಬಗ್ಗೆ ನಮ್ಮಲ್ಲೂ ಇಂಥದೊಂದು ಗೆದ್ದ ಕತೆಯಿದೆ. ಭಾರತಕ್ಕೆ ಆ ಕೂಟದಲ್ಲಿ ಸ್ಥಾನ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆಗಳಿದ್ದ ಗುಂಪಿನಲ್ಲಿ ಅದರ ಹೆಸರೂ ಇತ್ತು. ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಎಂಬುದು ನಾವೆಲ್ಲ ಕೇಳಿ ಬೆಳೆದ ಮಾತು. ನಾಯಕನಾಗಬೇಕಿದ್ದ ಶೈಲೇನ್ ಮನ್ನಾ ಅವರೇ ಮುಂದೆ ಅದನ್ನು ಅಲ್ಲಗಳೆದರು. ಆಗಿನ ಭಾರತೀಯ ಫುಟ್‌ಬಾಲ್‌ಗೆ ಒಲಿಂಪಿಕ್ಸ್ ಮುಖ್ಯವಾಗಿತ್ತೇ ಹೊರತು ವಿಶ್ವಕಪ್ಪಿನ ಮಹತ್ವ ತಿಳಿದಿರಲಿಲ್ಲ. ಆಡಳಿತಗಾರರು ಕೂತು ತೆಗೆದುಕೊಂಡ ಒಂದು ನಿರ್ಧಾರವನ್ನು ಬರಿಗಾಲಿನ ಕತೆ ಮುಚ್ಚಿಹಾಕಿತು. ದೇಹದ ಕತೆ ಯಾವಾಗಲೂ ತಲೆಯ ಕತೆಗಿಂತ ಚೆನ್ನಾಗಿ ಓಡುತ್ತದೆ. ವರೇಲಾನ ವಿಷಯದಲ್ಲಿ ಆದದ್ದೂ ಬಹುಮಟ್ಟಿಗೆ ಇದೇ.

ಆ ವಿಶ್ವಕಪ್ಪಿನಲ್ಲಿ ಈಗಿನ ಅರ್ಥದ ಫೈನಲ್ ಇರಲಿಲ್ಲ. ಬ್ರೆಜಿಲ್, ಉರುಗ್ವೆ, ಸ್ವೀಡನ್, ಸ್ಪೇನ್ - ಈ ನಾಲ್ಕು ತಂಡಗಳು ಕೊನೆಯ ಸುತ್ತಿನಲ್ಲಿ ಒಬ್ಬರ ವಿರುದ್ಧ ಒಬ್ಬರು ಆಡಬೇಕು, ಹೆಚ್ಚು ಅಂಕ ಪಡೆದವರಿಗೆ ಕಪ್. ಬ್ರೆಜಿಲ್ ಸ್ವೀಡನ್ನನ್ನು 7-1ರಿಂದ, ಸ್ಪೇನನ್ನು 6-1ರಿಂದ ಸೋಲಿಸಿತ್ತು. ಉರುಗ್ವೆ ಸ್ಪೇನ್ ಜೊತೆ 2-2 ಡ್ರಾ ಮಾಡಿಕೊಂಡು, ಸ್ವೀಡನ್ ವಿರುದ್ಧ 3-2ರಿಂದ ಹೇಗೋ ಪಾರಾಗಿತ್ತು. ಹೀಗಾಗಿ ಕೊನೆಯ ಪಂದ್ಯಕ್ಕೆ ಬ್ರೆಜಿಲ್ ನಾಲ್ಕು ಅಂಕದೊಂದಿಗೆ, ಉರುಗ್ವೆ ಮೂರು ಅಂಕದೊಂದಿಗೆ ಬಂದವು. ಬ್ರೆಜಿಲ್‌ಗೆ ಡ್ರಾ ಸಾಕು. ಉರುಗ್ವೆ ಗೆಲ್ಲಲೇಬೇಕು. ಆಗ ಬ್ರೆಜಿಲ್‌ನ ಜನಸಂಖ್ಯೆ ಐದು ಕೋಟಿ ದಾಟಿತ್ತು. ಉರುಗ್ವೆಯದು ಸುಮಾರು 22 ಲಕ್ಷ.

ರಿಯೊ ಆಗ ದೇಶದ ರಾಜಧಾನಿ. ಮರಕಾನಾ ಉದ್ಘಾಟನೆಯಾಗಿ ಅಂದಿಗೆ ಸರಿಯಾಗಿ ಒಂದು ತಿಂಗಳು. ಟಿಕೆಟ್ ಕೊಂಡು ಒಳಬಂದವರ ಅಧಿಕೃತ ಸಂಖ್ಯೆಯೇ 1,73,850. ಆಟಕ್ಕೆ ಮುನ್ನ ರಿಯೊ ನಗರದ ಆಡಳಿತಾಧಿಕಾರಿ ಆಂಜೆಲೊ ಮೆಂಡೆಸ್ ಡಿ ಮೊರೈಸ್ ಧ್ವನಿವರ್ಧಕದಲ್ಲಿ ಮಾಡಿದ ಭಾಷಣದಲ್ಲಿ ಬ್ರೆಜಿಲ್ ಆಟಗಾರರನ್ನು ಆಗಲೇ ಚಾಂಪಿಯನ್ನರೆಂದು ಕರೆದ. ವಿಜಯಗೀತೆ ಸಿದ್ಧವಿತ್ತು. ಆಟಗಾರರ ಹೆಸರು ಕೆತ್ತಿದ ಚಿನ್ನದ ಪದಕಗಳೂ ಸಿದ್ಧವಿದ್ದವು. 'ಓ ಮುಂಡೊ' ಎಂಬ ಪತ್ರಿಕೆ ಬ್ರೆಜಿಲ್ ತಂಡದ ಚಿತ್ರ ಹಾಕಿ, ಇವರೇ ವಿಶ್ವ ಚಾಂಪಿಯನ್ನರು ಎಂಬರ್ಥದ ಶೀರ್ಷಿಕೆಯನ್ನು ಪಂದ್ಯಕ್ಕೆ ಮೊದಲೇ ಅಚ್ಚು ಹಾಕಿತ್ತು.

ಈ ಪತ್ರಿಕೆಯ ಸುತ್ತಲೂ ಒಂದು ಕತೆಯಿದೆ. ವರೇಲಾ ಸಿಕ್ಕಷ್ಟು ಪ್ರತಿಗಳನ್ನು ಕೊಂಡು ತಂದು ಹೋಟೆಲಿನ ಬಚ್ಚಲುಮನೆಯಲ್ಲಿ ಹಾಸಿ, ಇದರ ಮೇಲೆ ಉಚ್ಚೆ ಹೊಯ್ಯಿರಿ ಎಂದು ಸಂಗಾತಿಗಳಿಗೆ ಹೇಳಿದ ಎನ್ನುವುದು ಒಂದು ಪಾಠ. ಪತ್ರಿಕೆಗಳನ್ನು ತಂದುಕೊಟ್ಟವನು ರಿಯೊದಲ್ಲಿದ್ದ ಉರುಗ್ವೆಯ ಗೌರವ ಕಾನ್ಸುಲ್ ಎನ್ನುವುದು ಇನ್ನೊಂದು. ಎರಡರಲ್ಲಿ ಮೊದಲನೆಯದೇ ಹೆಚ್ಚು ಪ್ರಸಿದ್ಧ. ಕಾರಣ ಸರಳ. ಜನರಿಗೆ ಕತೆಯ ಎಲ್ಲ ಕೆಲಸವನ್ನೂ ನಾಯಕನೇ ಮಾಡಬೇಕು. ನನಗೆ ಕುತೂಹಲ ಬೇರೆ ಕಾರಣಕ್ಕೆ. ವರೇಲಾ ಹುಡುಗನಾಗಿದ್ದಾಗ ಮಾಂಟೆವಿಡಿಯೊದ ಬೀದಿಗಳಲ್ಲಿ ಪತ್ರಿಕೆ ಮಾರಿದವನು. ಶೀರ್ಷಿಕೆ ಎಂದರೆ ಏನು, ಅದು ಯಾಕೆ ಅಚ್ಚಾಗುತ್ತದೆ, ಯಾರನ್ನು ಹೆದರಿಸುತ್ತದೆ ಎನ್ನುವುದು ಪತ್ರಿಕೆ ಓದುವವನಿಗಿಂತ ಮಾರುವವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅವನ ಪೂರ್ಣ ಹೆಸರು ಒಬ್ದುಲಿಯೊ ಹಸಿಂತೊ ಮುಯಿನ್ಯೊಸ್ ವರೇಲಾ. ಹುಟ್ಟಿದ್ದು 1917ರ ಸೆಪ್ಟೆಂಬರ್ 20ರಂದು. ಮುಯಿನ್ಯೊಸ್ ತಂದೆಯ ಮನೆಯ ಹೆಸರು. ವರೇಲಾ ತಾಯಿಯದು. ಆಕೆ ಆಫ್ರಿಕನ್ ಮೂಲದವಳು. ಜಗತ್ತು ಅವನನ್ನು ಗುರುತಿಸಿದ್ದು ತಾಯಿಯ ಹೆಸರಿನಿಂದ. ಜನ ಪ್ರೀತಿಯಿಂದ ಇಟ್ಟ ಅಡ್ಡಹೆಸರು 'ಎಲ್ ನೆಗ್ರೊ ಹೆಫೆ', ಅಂದರೆ 'ಕಪ್ಪು ನಾಯಕ'. ಆ ಹೆಸರಿನಲ್ಲಿ ಪ್ರೀತಿಯೂ ಇತ್ತು, ಬಣ್ಣವನ್ನು ಎಂದೂ ಮರೆಯದ ಸಮಾಜದ ಕಣ್ಣೂ ಇತ್ತು. 1943ರಿಂದ ಅವನು ಪೆನ್ಯಾರೋಲ್ ಕ್ಲಬ್ಬಿನ ಆಟಗಾರ. ಮರಕಾನಾದಲ್ಲಿ ಆಡುವಾಗ ಅವನಿಗೆ 32 ವರ್ಷ. ಅವನ ಬಲಕ್ಕೆ ಮುಂದೆ ಆಡುತ್ತಿದ್ದ ಗಿಗ್ಗಿಯಾಗೆ 23, ಎಡತುದಿಯ ಮೊರಾನ್‌ಗೆ 19.

ವರೇಲಾ ಆಡುತ್ತಿದ್ದ ಜಾಗದ ಹೆಸರು ಸೆಂಟರ್ ಹಾಫ್. ಇಂದಿನ ಓದುಗರು ಈ ಪದ ಕೇಳಿದರೆ ಗೋಲಿನ ಮುಂದೆ ನಿಲ್ಲುವ ರಕ್ಷಣಾ ಆಟಗಾರ ಎಂದುಕೊಳ್ಳುತ್ತಾರೆ. ಹಳೆಯ 2-3-5 ವ್ಯವಸ್ಥೆಯಲ್ಲಿ ಅದು ಹಾಗಲ್ಲ. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಆ ನಡುವಿನ ಮೂವರಲ್ಲಿ ನಟ್ಟನಡುವೆ ನಿಲ್ಲುವವನು ಸೆಂಟರ್ ಹಾಫ್. ಎದುರಾಳಿಯ ದಾಳಿಯನ್ನು ಮುರಿಯುವವನೂ ಅವನೇ, ತನ್ನ ತಂಡದ ದಾಳಿಯನ್ನು ಶುರುಮಾಡುವವನೂ ಅವನೇ. ಇಂಗ್ಲೆಂಡಿನಲ್ಲಿ ಡಬ್ಲ್ಯೂ-ಎಂ ವ್ಯವಸ್ಥೆ ಬಂದ ಮೇಲೆ ಈ ಆಟಗಾರನನ್ನು ಹಿಂದಕ್ಕೆ ಎಳೆದು ಮೂರನೆಯ ಬ್ಯಾಕ್ ಮಾಡಿದರು. ಉರುಗ್ವೆಯವರು ಅವನನ್ನು ನಡುಮೈದಾನದಲ್ಲೇ ಉಳಿಸಿಕೊಂಡಿದ್ದರು. ಯಕ್ಷಗಾನ ನೋಡಿದವರಿಗೆ ಗೊತ್ತಿರುತ್ತದೆ, ವೇಷಗಳು ಎಷ್ಟೇ ಕುಣಿದರೂ ಎಲ್ಲಿ ಏರಿಸಬೇಕು ಎಲ್ಲಿ ಇಳಿಸಬೇಕು ಎಂದು ನಿರ್ಧರಿಸುವವರು ಹಿಂದೆ ಜಾಗಟೆ ಹಿಡಿದು ಕೂತ ಭಾಗವತರು. ಹಳೆಯ ಸೆಂಟರ್ ಹಾಫ್‌ನ ಕೆಲಸ ಹೆಚ್ಚುಕಡಿಮೆ ಅದೇ. ಆಟದ ವೇಗ ಅವನ ಕೈಯಲ್ಲಿರುತ್ತಿತ್ತು.

ವರೇಲಾನನ್ನು ಅರ್ಥಮಾಡಿಕೊಳ್ಳಲು ಮೈದಾನದ ಈ ಜಾಗದಷ್ಟೇ ಮುಖ್ಯವಾದ ಇನ್ನೊಂದು ಜಾಗವಿದೆ. ಅದು ಆಟಗಾರರ ಸಂಘ. 1948ರ ಕೊನೆಯ ತಿಂಗಳುಗಳಲ್ಲಿ ಉರುಗ್ವೆಯ ವೃತ್ತಿಪರ ಆಟಗಾರರು ಮುಷ್ಕರ ಹೂಡಿದರು. ಅದು ತಿಂಗಳುಗಟ್ಟಲೆ ನಡೆದು 1949ಕ್ಕೂ ಮುಂದುವರಿಯಿತು. ಒಪ್ಪಂದ ಮುಗಿದ ಮೇಲೂ ಕ್ಲಬ್ಬುಗಳು ಆಟಗಾರನನ್ನು ಬಿಡದೆ ಹಿಡಿದಿಟ್ಟುಕೊಳ್ಳಬಹುದಾಗಿದ್ದ ಕಾಲ ಅದು. ಸಂಘವನ್ನು ಮಾನ್ಯ ಮಾಡಬೇಕು, ಆಟಗಾರನಿಗೆ ತನ್ನ ದುಡಿಮೆಯ ಮೇಲೆ ಹಕ್ಕಿರಬೇಕು ಎನ್ನುವುದು ಅವರ ಬೇಡಿಕೆ. ವರೇಲಾ ಆ ಮುಷ್ಕರದ ಮುಂದಾಳುಗಳಲ್ಲಿ ಒಬ್ಬ. 1949ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್ಪಿಗೆ ಉರುಗ್ವೆ ಹವ್ಯಾಸಿ ಆಟಗಾರರನ್ನು ಕಳಿಸಬೇಕಾಯಿತು. ಆ ತಂಡ ಬ್ರೆಜಿಲ್ ವಿರುದ್ಧ 5-1ರಿಂದ ಸೋತಿತು.

ಮುಷ್ಕರ ನಡೆಸುವುದೆಂದರೆ ಹೆಚ್ಚಿನ ದಿನ ಏನೂ ಮಾಡದೆ ಇರುವುದು. ಸಂಬಳವಿಲ್ಲದ ಮನೆಯಲ್ಲಿ ಕೂತು, ನಾಳೆ ಒಬ್ಬ ಒಡೆದು ಆಚೆ ಹೋಗದಂತೆ ನೋಡಿಕೊಳ್ಳುವುದು. ಎದುರಾಳಿಯ ಅವಸರಕ್ಕೆ ತಾನು ಓಗೊಡದಿರುವುದು. ಫ್ರಿಯಾಸಾನ ಗೋಲಿನ ನಂತರದ ಆ ನಿಮಿಷವನ್ನು ನಾನು ಈ ಹಿನ್ನೆಲೆಯಲ್ಲಿ ಓದುತ್ತೇನೆ. ಇದು ನನ್ನ ಓದು, ಇದಕ್ಕೆ ಲಿಖಿತ ದಾಖಲೆ ತೋರಿಸಲಾರೆ. ಆದರೆ ದುಡಿಯುವವನು ಕೈ ಕಟ್ಟಿ ನಿಂತರೆ ಇಡೀ ಆಟವೇ ನಿಲ್ಲುತ್ತದೆ ಎಂಬ ಅರಿವು ಮುಷ್ಕರದ ಮನೆಯಿಂದ ಬಂದವನಿಗೆ ಹೊಸದಾಗಿರಲಾರದು. ಜೊತೆಗೆ, ಪರಸ್ಪರ ಬದ್ಧವೈರಿಗಳಾದ ಪೆನ್ಯಾರೋಲ್ ಮತ್ತು ನ್ಯಾಸಿಯೊನಾಲ್ ಕ್ಲಬ್ಬುಗಳ ಆಟಗಾರರು ಒಂದೇ ಬಾವುಟದಡಿ ನಿಲ್ಲುವುದನ್ನು ಆ ಮುಷ್ಕರ ಕಲಿಸಿತ್ತು. ಮರಕಾನಾದ ತಂಡದಲ್ಲೂ ಇದ್ದದ್ದು ಬಹುಪಾಲು ಈ ಎರಡು ಕ್ಲಬ್ಬಿನವರೇ.

ಪಂದ್ಯದ ದಿನಕ್ಕೆ ಬರೋಣ. ಕಡಿಮೆ ಗೋಲುಗಳ ಅಂತರದಲ್ಲಿ ಸೋತರೆ ಸಾಕು, ಮಾನ ಉಳಿಯುತ್ತದೆ ಎಂದು ಉರುಗ್ವೆಯ ಕೆಲವು ಪದಾಧಿಕಾರಿಗಳೇ ಹೇಳಿದ್ದರೆಂದು ಆಟಗಾರರು ನೆನೆದಿದ್ದಾರೆ. ಕೋಚ್ ಹುವಾನ್ ಲೋಪೆಜ್ ರಕ್ಷಣೆಗೆ ಒತ್ತು ಕೊಟ್ಟು ಆಡಲು ಹೇಳಿದ. ಅವನು ಹೊರಗೆ ಹೋದ ಮೇಲೆ ವರೇಲಾ ಎದ್ದುನಿಂತು, ಹುವಾನ್ ಒಳ್ಳೆಯ ಮನುಷ್ಯ, ಆದರೆ ಇವತ್ತು ಅವನ ಮಾತು ತಪ್ಪು, ಬರೀ ರಕ್ಷಣೆಗೆ ನಿಂತರೆ ಸ್ವೀಡನ್, ಸ್ಪೇನ್‌ಗೆ ಆದ ಗತಿಯೇ ನಮಗೂ ಎಂಬರ್ಥದ ಮಾತಾಡಿದ. ಮೈದಾನಕ್ಕೆ ಹೋಗುವ ಸುರಂಗದಲ್ಲಿ, ಮೇಲೆ ಗ್ಯಾಲರಿಯತ್ತ ಕಣ್ಣೆತ್ತಬೇಡಿ, ಆಟ ನಡೆಯುವುದು ಕೆಳಗೆ, ಹೊರಗಿರುವವರೆಲ್ಲ ಮರದ ಗೊಂಬೆಗಳು ಎಂದ.

ನಾಯಕ ಕೋಚನ್ನು ಧಿಕ್ಕರಿಸಿದ ಎಂದು ಈ ಪ್ರಸಂಗವನ್ನು ಹೇಳುವುದುಂಟು. ಮೈದಾನದ ವಿವರ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಲೋಪೆಜ್‌ನ ಯೋಜನೆ ಅಲ್ಲಿ ಸಾಕಷ್ಟು ಉಳಿದುಕೊಂಡಿತ್ತು. ಮತಿಯಾಸ್ ಗೊನ್ಸಾಲೆಸ್ ಹಿಂದೆ ಆಳದಲ್ಲಿ ನಿಂತು ರಂಧ್ರ ಮುಚ್ಚುತ್ತಿದ್ದ. ಹಾಫ್ ಬ್ಯಾಕ್‌ಗಳಾದ ಗಂಬೆಟ್ಟಾ ಮತ್ತು ರೊಡ್ರಿಗೆಸ್ ಆಂಡ್ರಾಡೆ ಬ್ರೆಜಿಲ್‌ನ ಎರಡು ತುದಿಯ ಆಟಗಾರರಾದ ಚಿಕೊ, ಫ್ರಿಯಾಸಾರ ಬೆನ್ನು ಬಿಡುತ್ತಿರಲಿಲ್ಲ. ಇಬ್ಬರೂ ಹೀಗೆ ಬದಿಗೆ ಸರಿದರೆ ನಡುಮೈದಾನ ಖಾಲಿಯಾಗುತ್ತದೆ. ಜಿಜಿನ್ಯೊ, ಜಾಯಿರ್, ಅಡೆಮಿರ್‌ರಂಥ ಮೂವರು ಎದುರಿಗಿರುವಾಗ ಆ ಖಾಲಿ ಜಾಗವೇ ಸಾವು. ಅದನ್ನು ತುಂಬುವ ಹೊಣೆ ಮುಖ್ಯವಾಗಿ ವರೇಲಾ ಮತ್ತು ಅವನ ಮುಂದೆ ಆಡುತ್ತಿದ್ದ ಹುಲಿಯೊ ಪೆರೆಸ್ ಮೇಲೆ ಬಿತ್ತು. ಹಿಂದೆ ಸರಿದು ಗೋಲಿನ ಮುಂದೆ ಗುಂಪುಗೂಡಬೇಡಿ ಎನ್ನುವುದು ನಾಯಕನ ತಿದ್ದುಪಡಿ. ಯಾರು ಯಾರನ್ನು ಕಾಯಬೇಕು ಎನ್ನುವುದು ಕೋಚ್‌ನ ಯೋಜನೆ. ಎರಡೂ ಕೂಡಿಯೇ ಆ ದಿನದ ಆಟವಾಯಿತು.

ಮೊದಲರ್ಧದ ಫಲಿತಾಂಶ 0-0. ಅಂಕಿಯಾಗಿ ನೋಡಿದರೆ ಏನೂ ನಡೆಯಲಿಲ್ಲ. ಆದರೆ ಹಿಂದಿನ ಎರಡೂ ಪಂದ್ಯಗಳಲ್ಲಿ ಬ್ರೆಜಿಲ್ ವಿರಾಮದ ವೇಳೆಗೆ 3-0 ಮುಂದಿತ್ತು ಎನ್ನುವುದನ್ನು ನೆನೆದರೆ ಈ ಸೊನ್ನೆಯ ಬೆಲೆ ತಿಳಿಯುತ್ತದೆ. ಬ್ರೆಜಿಲ್ ದಾಳಿ ಮಾಡುತ್ತಲೇ ಇತ್ತು. ಗೋಲ್‌ಕೀಪರ್ ಮಾಸ್ಪೊಲಿ ತಡೆಯುತ್ತಲೇ ಇದ್ದ. ಉರುಗ್ವೆ ಕುಸಿಯಲಿಲ್ಲ. ಈ ಅವಧಿಯಲ್ಲೇ ವರೇಲಾ ಬ್ರೆಜಿಲ್‌ನ ಬಿಗೋಡಿಯ ಕೆನ್ನೆಗೆ ಬಾರಿಸಿದ ಎಂಬ ಮಾತು ಹುಟ್ಟಿತು. ಅದು ಏಟಲ್ಲ, ಬರೀ ತಟ್ಟಿದ್ದು ಎಂದು ಇಬ್ಬರೂ ಮುಂದೆ ಹೇಳಿದರು. ಆದರೂ ಏಟಿನ ಕತೆಯೇ ಉಳಿಯಿತು. ಉರುಗ್ವೆಗೆ ಅದರಿಂದ ಒಬ್ಬ ರೌದ್ರ ವೀರ ಸಿಕ್ಕ. ಬ್ರೆಜಿಲ್‌ಗೆ ಒಬ್ಬ ಹೇಡಿ ಸಿಕ್ಕ. ಇಬ್ಬರೂ ಅಲ್ಲವೆಂದ ಏಟು ಎರಡು ದೇಶಗಳಿಗೂ ಬೇಕಾಗಿತ್ತು.

ಆಮೇಲೆ 47ನೆಯ ನಿಮಿಷದ ಗೋಲು, ಕಂಕುಳಲ್ಲಿ ಚೆಂಡು, ದುಭಾಷಿಯ ತಕರಾರು. ಆಗ ಆಟವನ್ನು ತಣ್ಣಗೆ ಮಾಡದಿದ್ದರೆ ಬ್ರೆಜಿಲ್ ಎಂಬ ಯಂತ್ರ ತಮ್ಮನ್ನು ಅರೆದುಹಾಕುತ್ತಿತ್ತು ಎಂಬುದು ವರೇಲಾ ಕೊಟ್ಟ ವಿವರಣೆ. ಈ ಹೆದರಿಕೆಗೆ ಆಧಾರವಿತ್ತು. ಹಿಂದಿನ ಎರಡೂ ಪಂದ್ಯಗಳಲ್ಲಿ ಬ್ರೆಜಿಲ್‌ನ ಗೋಲುಗಳು ಒಂದರ ಹಿಂದೆ ಒಂದು ಬಂದಿದ್ದವು. ಹಾಗಾಗಿ ಬಿದ್ದ ಗೋಲಿಗಿಂತ ಬೀಳಬಹುದಾದ ಎರಡನೆಯ ಗೋಲು ದೊಡ್ಡ ಅಪಾಯವಾಗಿತ್ತು. ನಾಯಕ ಆ ನಿಮಿಷದಲ್ಲಿ ತಡೆದದ್ದು ಅದನ್ನು.

ಇಲ್ಲಿ ಇನ್ನೊಂದು ಅಂಶ ಗಮನಿಸಬೇಕು. ಕೊನೆಯ ಸುತ್ತಿನಲ್ಲಿ ಉರುಗ್ವೆ ಹಿಂದೆ ಬಿದ್ದದ್ದು ಇದೇ ಮೊದಲಲ್ಲ. ಜುಲೈ 9ರಂದು ಸ್ಪೇನ್ ವಿರುದ್ಧ 1-2 ಹಿಂದಿತ್ತು. 73ನೆಯ ನಿಮಿಷದಲ್ಲಿ ಗೋಲು ಹೊಡೆದು ಸಮ ಮಾಡಿದವನು ವರೇಲಾನೇ. ಜುಲೈ 13ರಂದು ಸ್ವೀಡನ್ ವಿರುದ್ಧವೂ 1-2 ಹಿಂದಿತ್ತು. 77 ಮತ್ತು 85ನೆಯ ನಿಮಿಷಗಳಲ್ಲಿ ಮಿಗೆಸ್ ಹೊಡೆದ ಗೋಲುಗಳಿಂದ ಗೆದ್ದಿತು. ಅಂದರೆ ಎಂಟು ದಿನಗಳಲ್ಲಿ ಮೂರು ಸಲ ಈ ತಂಡ ಸೋಲುತ್ತಿದ್ದ ಸ್ಥಿತಿಯಿಂದ, ಪಂದ್ಯದ ಕೊನೆಯ 25 ನಿಮಿಷಗಳಲ್ಲಿ ಮೇಲೆದ್ದಿತು. ಮೂರು ಸಲ ಆದದ್ದನ್ನು ಪವಾಡ ಎನ್ನಲಾಗದು. ಅದು ರೂಢಿ. ಹೊತ್ತು ಇನ್ನೂ ಇದೆ, ಅವಸರ ಬೇಡ ಎನ್ನುವುದನ್ನು ಈ ತಂಡ ಹಿಂದಿನ ವಾರವೇ ಮೈಗೂಡಿಸಿಕೊಂಡಿತ್ತು. ಮರಕಾನಾದಲ್ಲಿ ನಾಯಕ ಅದನ್ನು ಅವರಿಗೆ ನೆನಪಿಸಿದ.

ಆಟ ಮತ್ತೆ ಶುರುವಾದ ಮೇಲೆ ವರೇಲಾ ಮುಂದೆ ಮುಂದೆ ಬರತೊಡಗಿದ. 66ನೆಯ ನಿಮಿಷದಲ್ಲಿ ನಡುಮೈದಾನದಿಂದ ಚೆಂಡನ್ನು ಬಲಕ್ಕೆ, ಗಿಗ್ಗಿಯಾನ ಕಡೆಗೆ ಕಳಿಸಿದ. ಗಿಗ್ಗಿಯಾ ಬಿಗೋಡಿಯನ್ನು ದಾಟಿ ಓಡಿ, ನೆಲಮಟ್ಟದಲ್ಲಿ ಚೆಂಡನ್ನು ಒಳಕ್ಕೆ ತಳ್ಳಿದ. ಸ್ಕಿಯಾಫಿನೊ ಗೋಲು ಹೊಡೆದ. 1-1. ಲೆಕ್ಕದ ಪ್ರಕಾರ ಕಪ್ ಇನ್ನೂ ಬ್ರೆಜಿಲ್‌ನದೇ. ಆದರೆ ಕ್ರೀಡಾಂಗಣದ ಸದ್ದು ಇಳಿದಿತ್ತು. 79ನೆಯ ನಿಮಿಷದಲ್ಲಿ ಗಿಗ್ಗಿಯಾ ಪೆರೆಸ್‌ನೊಂದಿಗೆ ಚೆಂಡು ಬದಲಿಸಿಕೊಂಡು ಅದೇ ಬಲದಾರಿಯಲ್ಲಿ ಬಂದ. ಮೊದಲಿನಂತೆ ಚೆಂಡನ್ನು ಒಳಕ್ಕೆ ಕೊಡುತ್ತಾನೆಂದು ಬ್ರೆಜಿಲ್‌ನ ಗೋಲ್‌ಕೀಪರ್ ಬಾರ್ಬೊಜಾ ಒಂದು ಹೆಜ್ಜೆ ಆಚೆ ಸರಿದ. ಗಿಗ್ಗಿಯಾ ಹತ್ತಿರದ ಕಂಬದ ಸಂದಿಗೇ ಹೊಡೆದ. 2-1. ಪಂದ್ಯ ಹಾಗೇ ಮುಗಿಯಿತು.

ಫಿಫಾ ಅಧ್ಯಕ್ಷ ಜೂಲ್ ರಿಮೆ ಬ್ರೆಜಿಲ್ ಗೆಲ್ಲುತ್ತದೆಂದುಕೊಂಡು ಭಾಷಣದ ಸಿದ್ಧತೆಯೊಂದಿಗೆ ಗ್ಯಾಲರಿಯಿಂದ ಇಳಿದು ಬರುವಷ್ಟರಲ್ಲಿ ಎಲ್ಲ ಬದಲಾಗಿತ್ತು. ಗೌರವ ವಂದನೆಯಿಲ್ಲ, ರಾಷ್ಟ್ರಗೀತೆಯಿಲ್ಲ, ಭಾಷಣವಿಲ್ಲ. ಗುಂಪಿನ ನಡುವೆ ವರೇಲಾನನ್ನು ಹುಡುಕಿ ಕಪ್ಪನ್ನು ಅವನ ಕೈಗಿಟ್ಟು ಹೋದ.

ಉರುಗ್ವೆ ಈ ಗೆಲುವಿಗೆ ಕೊಟ್ಟ ಹೆಸರು 'ಗರ್ರಾ ಚರುವಾ'. ಗರ್ರಾ ಎಂದರೆ ಉಗುರು, ಪಂಜ. ಚರುವಾ ಎಂದರೆ ಆ ನೆಲದ ಮೂಲನಿವಾಸಿಗಳಲ್ಲಿ ಒಂದು ಜನಾಂಗ. ಚರುವಾಗಳ ಕೆಚ್ಚು ನಮ್ಮ ಆಟಗಾರರಲ್ಲಿದೆ ಎಂಬ ಹೆಮ್ಮೆಯ ಮಾತು ಅದು. ಚರಿತ್ರೆಯ ವಿದ್ಯಾರ್ಥಿಗೆ ಈ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 1831ರಲ್ಲಿ, ಹೊಸದಾಗಿ ಹುಟ್ಟಿದ ಉರುಗ್ವೆ ರಾಜ್ಯ ಅಧ್ಯಕ್ಷ ರಿವೇರಾನ ಕಾಲದಲ್ಲಿ ಚರುವಾಗಳನ್ನು ಸಾಲ್ಸಿಪುವೆದೆಸ್ ಎಂಬಲ್ಲಿ ಸುತ್ತುವರಿದು ಕೊಂದಿತು. ಉಳಿದವರನ್ನು ಸೆರೆಹಿಡಿದು ಹಂಚಿಬಿಟ್ಟಿತು. ಯಾವ ರಾಜ್ಯ ಅವರನ್ನು ಅಳಿಸಿತೋ ಅದೇ ರಾಜ್ಯದ ಫುಟ್‌ಬಾಲ್ ಅವರ ಹೆಸರನ್ನು ಎದೆಗೆ ಹಚ್ಚಿಕೊಂಡಿತು. ಕೊಂದವರ ಮನೆಯಲ್ಲಿ ಸತ್ತವರ ಶೌರ್ಯದ ಹಾಡು.

ಇದರಲ್ಲಿ ಇನ್ನೊಂದು ಪದರವಿದೆ. ಚರುವಾ ಕೆಚ್ಚಿನ ಪ್ರತಿಮೆಯಾಗಿ ನಿಲ್ಲಿಸಿದ್ದು ಆಫ್ರಿಕನ್ ಮೂಲದ ತಾಯಿಯ ಮಗನನ್ನು. ಅವನಿಗೆ ರಕ್ತದ ಗುಣವನ್ನು ಕೊಟ್ಟು, ಬುದ್ಧಿಯ ಕೆಲಸವನ್ನು ಬದಿಗಿಟ್ಟರು. ಅವನು ಎಲ್ಲಿ ನಿಂತ, ಯಾವಾಗ ನಿಧಾನ ಮಾಡಿದ, ಯಾವಾಗ ಚೆಂಡನ್ನು ಬಲಕ್ಕೆ ತಿರುಗಿಸಿದ ಎನ್ನುವುದಕ್ಕಿಂತ ಅವನು ಹೇಗೆ ಗುಡುಗಿದ ಎನ್ನುವುದು ದೊಡ್ಡದಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಉರುಗ್ವೆ ಇದೇ ಬ್ರೆಜಿಲ್ಲನ್ನು ಸಾವೊ ಪಾಲೊದಲ್ಲಿ 4-3ರಿಂದ ಸೋಲಿಸಿತ್ತು, ನಂತರದ ಎರಡು ಪಂದ್ಯಗಳಲ್ಲಿ 2-3, 0-1ರಿಂದ ಮಾತ್ರ ಸೋತಿತ್ತು ಎನ್ನುವುದು ಮರೆತೇಹೋಯಿತು. ಸಮಬಲದ ಎರಡು ತಂಡಗಳ ಪಂದ್ಯ ಪವಾಡವಾಯಿತು. ಮುಷ್ಕರದ ಮುಂದಾಳು ಮದಗಜವಾದ.

ಗಡಿಯಾಚೆ ಇದೇ ತರ್ಕ ಇನ್ನೂ ಕ್ರೂರವಾಗಿ ಕೆಲಸ ಮಾಡಿತು. ಸೋಲಿಗೆ ಬ್ರೆಜಿಲ್ ಹೊಣೆ ಮಾಡಿದ್ದು ಮುಖ್ಯವಾಗಿ ಮೂವರನ್ನು: ಬಾರ್ಬೊಜಾ, ಬಿಗೋಡಿ, ಜುವೆನಾಲ್. ಮೂವರೂ ಕಪ್ಪು ಮೈಬಣ್ಣದವರು. ಇವರ ಎದೆಗಾರಿಕೆ ಸಾಲದು ಎಂಬ ಮಾತು ಬಹಳ ಕಾಲ ನಡೆಯಿತು. ಬ್ರೆಜಿಲ್‌ನಲ್ಲಿ ಅತಿ ಹೆಚ್ಚಿನ ಜೈಲು ಶಿಕ್ಷೆ 30 ವರ್ಷ, ನಾನು ಮಾಡದ ತಪ್ಪಿಗೆ 50 ವರ್ಷ ತೆರುತ್ತಿದ್ದೇನೆ ಎಂಬರ್ಥದ ಮಾತನ್ನು ಬಾರ್ಬೊಜಾ ಕೊನೆಗಾಲದಲ್ಲಿ ಹೇಳಿದ. 2000ದ ಏಪ್ರಿಲ್‌ನಲ್ಲಿ ತೀರಿಕೊಂಡ. ಒಂದು ದೇಶ ಗೆಲುವನ್ನು ರಕ್ತದಿಂದ ವಿವರಿಸಿತು, ಇನ್ನೊಂದು ಸೋಲನ್ನು ರಕ್ತದಿಂದ ವಿವರಿಸಿತು. ಎರಡರ ನಡುವೆ ಆಟ ಕಾಣೆಯಾಯಿತು.

ಆ ರಾತ್ರಿ ವರೇಲಾ ಹೋಟೆಲಿನಲ್ಲಿ ಸಂಭ್ರಮಿಸುತ್ತ ಕೂರಲಿಲ್ಲ. ರಿಯೊದ ಬಾರುಗಳಿಗೆ ಹೋಗಿ, ಸೋತ ಊರಿನ ಜನರ ಜೊತೆ ಕುಡಿಯುತ್ತ ಕೂತ. ಗುರುತು ಹಿಡಿದರೆ ಹೊಡೆಯುತ್ತಾರೇನೋ ಎಂದು ಹೆದರಿದ್ದ. ಗುರುತು ಹಿಡಿದವರು ಅವನನ್ನು ತಬ್ಬಿಕೊಂಡು ಅತ್ತರು. ಆ ಮುಖಗಳನ್ನು ನೋಡಿ ಗೆಲುವು ತನಗೆ ಕಹಿಯಾಯಿತೆಂದು, ತಾನು ಈ ಜನರ ಹಬ್ಬವನ್ನು ಕೆಡಿಸಿದೆನೆಂದು, ಗೆಲುವಿನಿಂದ ಲಾಭವಾದದ್ದು ತಮ್ಮ ಪದಾಧಿಕಾರಿಗಳಿಗೆ ಮಾತ್ರವೆಂದು ಮುಂದೆ ಹೇಳಿಕೊಂಡ. ಪದಾಧಿಕಾರಿಗಳು ಚಿನ್ನದ ಪದಕಗಳನ್ನು ತಾವಿಟ್ಟುಕೊಂಡು ಆಟಗಾರರಿಗೆ ಬೆಳ್ಳಿಯದನ್ನು ಕೊಟ್ಟರು ಎಂಬುದು ಅವನ ದೂರು. ಬಹುಮಾನದ ಹಣದಲ್ಲಿ ಅವನು ಕೊಂಡದ್ದು 1931ರ ಮಾದರಿಯ ಒಂದು ಹಳೆಯ ಫೋರ್ಡ್ ಕಾರು. ಅದೂ ಕೆಲವೇ ದಿನಗಳಲ್ಲಿ ಕಳುವಾಯಿತು.

ಪೆನ್ಯಾರೋಲ್ ಕ್ಲಬ್ ಅಂಗಿಯ ಮೇಲೆ ಜಾಹೀರಾತು ಹಾಕಿಸಿದಾಗ ಹತ್ತು ಮಂದಿ ಅದನ್ನು ತೊಟ್ಟು ಆಡಿದರು, ವರೇಲಾ ಒಬ್ಬನೇ ತೊಡಲಿಲ್ಲ. ಕಪ್ಪು ಜನರ ಮೂಗಿಗೆ ಬಳೆ ಹಾಕಿ ಎಳೆದಾಡುವ ಕಾಲ ಹೋಯಿತು ಎಂಬುದು ಅವನ ಕಾರಣ. 1954ರ ವಿಶ್ವಕಪ್ಪಿನಲ್ಲಿ 36ರ ವಯಸ್ಸಿನಲ್ಲಿ ಮತ್ತೆ ನಾಯಕನಾಗಿ ಆಡಿದ. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡನ್ನು 4-2ರಿಂದ ಸೋಲಿಸಿದಾಗ ಒಂದು ಗೋಲನ್ನೂ ಹೊಡೆದು ಗಾಯಗೊಂಡ. ಅವನಿಲ್ಲದ ಸೆಮಿಫೈನಲ್‌ನಲ್ಲಿ ಹಂಗೆರಿ ವಿರುದ್ಧ ಉರುಗ್ವೆ ಹೆಚ್ಚುವರಿ ಸಮಯದಲ್ಲಿ 2-4ರಿಂದ ಸೋತಿತು. ಅದು ವಿಶ್ವಕಪ್ಪಿನಲ್ಲಿ ಉರುಗ್ವೆಯ ಮೊದಲ ಸೋಲು. ವರೇಲಾ ಆಡಿದ ಏಳು ವಿಶ್ವಕಪ್ ಪಂದ್ಯಗಳಲ್ಲಿ ಒಂದರಲ್ಲೂ ಅವನ ತಂಡ ಸೋಲಲಿಲ್ಲ. 1996ರ ಆಗಸ್ಟ್ 2ರಂದು ಅವನು ಮಾಂಟೆವಿಡಿಯೊದಲ್ಲಿ ತೀರಿಕೊಂಡ.

ನಾಯಕತ್ವದ ಬಗ್ಗೆ ಮಾತಾಡುವಾಗ ನಾವು ಗಟ್ಟಿ ದನಿಯನ್ನು ಹುಡುಕುತ್ತೇವೆ. ವರೇಲಾಗೂ ಗಟ್ಟಿ ದನಿಯಿತ್ತು. ಆದರೆ ಆ ಮಧ್ಯಾಹ್ನ ಉರುಗ್ವೆಗೆ ನೆರವಾದದ್ದು ದನಿಯೊಂದೇ ಅಲ್ಲ. ಎರಡು ಲಕ್ಷ ಜನ ಒಂದು ವೇಗಕ್ಕೆ ಒತ್ತಾಯಿಸುತ್ತಿರುವಾಗ ಆ ವೇಗ ನಮ್ಮದಲ್ಲ ಎಂದು ಗುರುತಿಸಿದ್ದು, ಹತ್ತು ಸಂಗಾತಿಗಳಿಗೆ ಉಸಿರೆಳೆದುಕೊಳ್ಳಲು ಬೇಕಾದ ಹೊತ್ತನ್ನು ತನ್ನ ಮೇಲೆ ಬೈಗುಳ ಹಾಕಿಸಿಕೊಂಡು ಗಳಿಸಿದ್ದು, ಆಮೇಲೆ ಸರಿಯಾದ ನಿಮಿಷಕ್ಕೆ ಚೆಂಡನ್ನು ಗಿಗ್ಗಿಯಾಗೆ ಒಪ್ಪಿಸಿದ್ದು. ಗೋಲು ಹೊಡೆದ ಇಬ್ಬರ ಹೆಸರು ಅಂಕಪಟ್ಟಿಯಲ್ಲಿದೆ. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನಡೆದ ಆ ಹೊತ್ತಿಗೆ ಅಂಕಪಟ್ಟಿಯಲ್ಲಿ ಜಾಗವಿಲ್ಲ.